ಕಾರಣ: ಚಿಲುಮಿಯ ಕಿಡಿ

ಕಳೆದ ವಾರ ಯಾದಗಿರಿ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಕುರಿ ಕಾಯುವ ಮುದುಕರೊಬ್ಬರು ಒದ್ದೆ ಕಂಬಳಿಯನ್ನು ಅಂಗಡಿಯ ಒಲೆಯ ಬದಿಗೆ ಹರವಿ, ಯಾರೊಂದಿಗೋ ಮಾತಿಗೆ ಕುಳಿತಿದ್ದರು. ಮಾತಿನ ಭರದಲ್ಲಿ ಕಂಬಳಿಯ ಒಂದು ಅಂಚು ಕೆಂಡಕ್ಕೆ ತಗುಲಿತು. ಉಣ್ಣೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಸುರುಟಿಕೊಂಡು ಕಪ್ಪಾಗಿ, ಕೂದಲು ಸುಟ್ಟಂತೆ ನಾರುತ್ತದೆ. ಒದ್ದೆಯಾಗಿದ್ದರೆ ಅದರ ಜೊತೆಗೆ ಕುರಿಯ ಮೈವಾಸನೆಯೂ ಏಳುತ್ತದೆ.

"ಏ ಮುತ್ಯಾ, ಕಂಬಳಿ ಕಾಸಾಕತ್ತೀಯೋ ಸುಡಾಕತ್ತೀಯೋ?" ಎಂದು ಅಂಗಡಿಯವನು ಕೂಗಿದ. ಸುತ್ತ ನಿಂತವರು ನಕ್ಕರು. ನಾನು ಅರ್ಧ ಚಹಾ ಅಲ್ಲೇ ಬಿಟ್ಟೆ.

ಹದಿಮೂರು ವರ್ಷಗಳಿಂದ ಆ ವಾಸನೆ ಮೂಗಿಗೆ ಬಿದ್ದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಸೀಮೆಯಲ್ಲಿ ಕಂಬಳಿ ಸುಡದ ಮನೆಯಿಲ್ಲ. ಆದರೆ ಒದ್ದೆ ಮತ್ತು ಸುಟ್ಟದ್ದು ಎರಡೂ ಕೂಡಿದ ವಾಸನೆಯನ್ನು ನಾನು ಒಬ್ಬರೇ ಒಬ್ಬರ ಮೈಮೇಲೆ ವರ್ಷವಿಡೀ ಕಂಡಿದ್ದೇನೆ. ಅವರನ್ನು ಎಲ್ಲರೂ ಜಮಾದಾರರು ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಓದುವವರು ಮೊದಲು ಅವರು ಯಾವ ಕಡೆಯವರೆಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಅವರಿಗೆ ಬೇಕಿರಲಿಲ್ಲ.

ಪೋಲೀಸ್ ಆಕ್ಷನ್ ಆಗಿ ಎರಡು-ಮೂರು ವರ್ಷ ಕಳೆದಿದ್ದ ಕಾಲ. ನಿಜಾಮರ ರಾಜ್ಯ ದೇಶದೊಳಗೆ ಸೇರಿತ್ತು, ಕಚೇರಿಗಳು ಮಾತ್ರ ಇನ್ನೂ ಸೇರುತ್ತಲೇ ಇದ್ದವು. ಹಳೆಯ ದಫ್ತರೆಲ್ಲ ಉರ್ದುವಿನಲ್ಲಿ, ಹೊಸ ಹುಕುಂ ಎಲ್ಲ ಇಂಗ್ಲಿಷಿನಲ್ಲಿ, ಬಾಗಿಲಲ್ಲಿ ನಿಂತವರ ಅಹವಾಲು ಕನ್ನಡದಲ್ಲಿ. ಮೂರೂ ಬಲ್ಲ ಹುಡುಗರಿಗೆ ಬೇಡಿಕೆ ಬಂದಿತ್ತು. ನಾನು ಸಗರದವನು. ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿ, ಗುಲ್ಬರ್ಗದಲ್ಲಿ ಇಂಟರ್ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದೆ. ಶಹಾಪುರದ ಒಂದು ಕಚೇರಿಯಲ್ಲಿ ತರ್ಜುಮೆ ಗುಮಾಸ್ತನಾಗಿ ಸೇರಿಕೊಂಡೆ. ಚರ್ಚೆಯ ಅಭ್ಯಾಸ ಹೇಗೆಂದರೆ, ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಮಾತಿನಲ್ಲಿ ತೂತು ಹುಡುಕಲು ಕಣ್ಣು ಹೋಗಿಬಿಡುತ್ತದೆ. ತೂತು ಸಿಕ್ಕರೆ ಸತ್ಯವೇ ಸಿಕ್ಕಂತೆ. ಹಾಗೆಂದು ಆಗ ನಂಬಿದ್ದೆ.

ಜಮಾದಾರರ ಬೆಂಕಿ ಪಡೆ ನಮ್ಮ ಕಚೇರಿಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಪಡೆ ಎಂದರೆ ಐದು ಜನ, ಒಂದು ಎತ್ತಿನ ಗಾಡಿ, ಗಾಡಿಯ ಮೇಲೆ ಮರದ ಪೀಪಾಯಿ, ತೊಗಲಿನ ಬಕೀಟುಗಳು, ಹುಲ್ಲಿನ ಮಾಡು ಎಳೆದು ಕೆಡವಲು ಕಬ್ಬಿಣದ ಕೊಕ್ಕೆ ಕಟ್ಟಿದ ಎರಡು ಉದ್ದ ಬಿದಿರು. ಇವೆಲ್ಲಕ್ಕಿಂತ ಹೆಚ್ಚಾಗಿ ಕಂಬಳಿಗಳು. ಕುರಿ ಸಾಕುವ ಮನೆಗಳವರು ಹರಿದ ಕಂಬಳಿಗಳನ್ನು ಪಡೆಗೆ ಕೊಡುತ್ತಿದ್ದರು. ಅವನ್ನು ನೀರಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು, ಉರಿಯುವ ಬಣವಿಯ ಮೇಲೆ ಹೊದಿಸಿ ಮೇಲೆ ನೀರು ಸುರಿಯುವುದು ಅವರ ಪದ್ಧತಿ. ಬೆಂಕಿ ಉಸಿರುಕಟ್ಟಿ ಸಾಯುತ್ತಿತ್ತು. ಆದರೆ ಹೊದಿಸುವವರು ಬೆಂಕಿಯ ಮಗ್ಗುಲಿಗೇ ಹೋಗಬೇಕು. ಐವರಲ್ಲಿ ಯಾರೊಬ್ಬರಿಗೂ ಹುಬ್ಬಿನ ಕೂದಲು ನೆಟ್ಟಗಿರಲಿಲ್ಲ.

ಜಮಾದಾರರು ಐವತ್ತರ ಹತ್ತಿರದವರು. ಹೈದರಾಬಾದಿನ ಯಾವುದೋ ಗಿರಣಿಯ ಬೆಂಕಿ ಪಡೆಯಲ್ಲಿ ಇದ್ದು ಬಂದವರಂತೆ. ಪೋಲೀಸ್ ಆಕ್ಷನ್ನಿನ ಗದ್ದಲದ ವರ್ಷದಲ್ಲಿ ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಯಾರೂ ಹೇಳುತ್ತಿರಲಿಲ್ಲ. ನಾನು ಕೇಳಿದೆ. "ಬೆಂಕಿ ಆರಸ್ತಿದ್ದೆರಿ. ಆ ವರ್ಷ ಕೆಲಸ ಭಾಳ ಇತ್ತು" ಎಂದರು. ಈ ಉತ್ತರವನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಟ್ಟುಕೊಂಡೆ. ಕೇಳಿದ್ದು ಎಲ್ಲಿದ್ದಿರಿ ಎಂದು, ಹೇಳಿದ್ದು ಏನು ಮಾಡಿದೆ ಎಂದು. ಅರ್ಧ ಪ್ರಶ್ನೆಗೆ ಉತ್ತರ ಕೊಡುವವರು ಉಳಿದರ್ಧವನ್ನು ಬಚ್ಚಿಡುತ್ತಾರೆ.

ಅವರಿಗೆ ಒಂದು ಆಸೆಯಿತ್ತು: ಕೈಪಂಪು. ಇಬ್ಬರು ಈ ಕಡೆ, ಇಬ್ಬರು ಆ ಕಡೆ ನಿಂತು ಹಿಡಿಕೆ ಒತ್ತಿದರೆ ಕ್ಯಾನ್ವಾಸ್ ನಳಿಗೆಯಿಂದ ನೀರು ಚಿಮ್ಮುವ ಪಂಪು. "ಬಕೀಟಿನ ನೀರು ಆಳೆತ್ತರದ ಮ್ಯಾಲ ಹೋಗೋದಿಲ್ರಿ ಮುನ್ಶಿಯವ್ರ. ಬೆಂಕಿ ಮಾಳಿಗಿ ಹತ್ತಿ ಕುಂತು ನಮ್ಮನ್ನ ನೋಡಿ ನಗತದ" ಎನ್ನುತ್ತಿದ್ದರು. ಒಂದು ಓಣಿಗೆ ಬೆಂಕಿ ಬಿದ್ದರೆ ಕಂಬಳಿಯ ಆಟ ನಡೆಯುವುದಿಲ್ಲ, ಓಣಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಅಂಥದ್ದೊಂದನ್ನು ಅವರು ಬಿಟ್ಟುಕೊಟ್ಟು ಬಂದಿದ್ದರು. ಎಲ್ಲಿ, ಯಾವಾಗ ಎಂದು ಹೇಳಲಿಲ್ಲ...

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಹಳ್ಳಿಗಾಡಿನ ಬೆಂಕಿ ಪಡೆಗಳು ಅರ್ಜಿ ಹಾಕಿದರೆ ಒಂದು ಕೈಪಂಪು, ನಳಿಗೆ, ಜೊತೆಗೆ ಇಬ್ಬರಿಗೆ ಹೈದರಾಬಾದಿನಲ್ಲಿ ಒಂದು ತಿಂಗಳ ತರಬೇತಿ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿತ್ತು. ಕಳೆದ ವರ್ಷಗಳ ಬೆಂಕಿಗಳ ವಿವರವನ್ನು ಊರು, ಸುಟ್ಟದ್ದೇನು, ಉಳಿದದ್ದೇನು, ಕಾರಣವೇನು ಎಂದು ಮನೆ ಹಾಕಿ ತುಂಬಬೇಕು. ಜಮಾದಾರರು ತಮ್ಮ ರೋಜನಾಮೆಯ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಉರ್ದು ಬರಹ ಮುತ್ತಿನಂತಿತ್ತು.

ನಾಲ್ಕು ಪುಟ ತರ್ಜುಮೆ ಮಾಡುವುದರಲ್ಲಿ ನನ್ನ ಲೇಖನಿ ನಿಂತಿತು. ದೋರನಹಳ್ಳಿಯ ಬಣವಿ, ಕಾರಣ: ಚಿಲುಮಿಯ ಕಿಡಿ. ಸುರಪುರದ ದಾರಿಯ ದನದ ಕೊಟ್ಟಿಗೆ, ಕಾರಣ: ಚಿಲುಮಿಯ ಕಿಡಿ. ಹೊಲದಲ್ಲಿನ ಕಣಕಿ ಮೆದೆ, ಗುಡಿಸಲು, ಬಾವಿಯ ಮೇಲಿನ ರಾಟೆಯ ಕಂಬ, ಎಲ್ಲಕ್ಕೂ ಅದೇ ಕಿಡಿ. ರಾಟೆಯ ಕಂಬದ ಮೇಲೆ ಹತ್ತಿ ಕುಳಿತು ಚಿಲುಮಿ ಸೇದಿದವರು ಯಾರು?

"ಜಮಾದಾರ್ರ, ಈ ತಾಲೂಕಿನಾಗ ಒಲಿ ಇಲ್ಲೇನು? ದೀಪ ಇಲ್ಲೇನು? ಸಿಡಿಲು ಬಡಿಯೋದಿಲ್ಲೇನು?"

"ಎಲ್ಲಾ ಅದಾವರಿ."

"ಮತ್ತ ಬರೇ ಚಿಲುಮಿ ಯಾಕ?"

"ನಮ್ಮ ಮಂದಿ ಭಾಳ ಸೇದ್ತಾರ್ರಿ" ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಇದ್ದದ್ದನ್ನು ಇದ್ದಂತೆ ತರ್ಜುಮೆ ಮಾಡಿ ಕಳಿಸಿದೆ. ತಿಂಗಳೊಳಗೆ ಅರ್ಜಿ ತಿರುಗಿ ಬಂತು. ಮೇಲೆ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು: ಜನರಿಗೆ ಚಿಲುಮಿ ಆರಿಸಿ ಮಲಗಲು ತಿಳಿವಳಿಕೆ ಹೇಳಿದರೆ ಸಾಕು, ಪಂಪಿನ ಅಗತ್ಯ ಕಂಡುಬರುವುದಿಲ್ಲ, ಗಂಭೀರ ಕಾರಣಗಳಿದ್ದಲ್ಲಿ ಮತ್ತೆ ಅರ್ಜಿ ಹಾಕಬಹುದು. ಓದಿ ಹೇಳಿದೆ. ಜಮಾದಾರರು ಕೊಟ್ಟಿಗೆಗೆ ಹೋಗಿ ಕಂಬಳಿಗಳನ್ನು ಮಡಚಿಡತೊಡಗಿದರು. ಅಂದು ಸಂಜೆಯವರೆಗೂ ಮಡಚುತ್ತಲೇ ಇದ್ದರು. ಇದ್ದದ್ದು ಹತ್ತು ಕಂಬಳಿ.

ನನ್ನ ಅನುಮಾನ ಅಲ್ಲಿಂದ ಬೆಳೆಯಿತು. ಪಂಪು ಬೇಕು ಎನ್ನುವವನು ಪಂಪು ತಪ್ಪುವಂಥ ಕಾರಣವನ್ನೇ ಯಾಕೆ ಬರೆಯುತ್ತಾನೆ? ಸುಳ್ಳಿಗೆ ಯಾವುದೋ ಲಾಭ ಇದ್ದೇ ಇರಬೇಕು. ಹಚ್ಚಿದವರಿಂದ ಏನಾದರೂ ಸಿಗುತ್ತಿರಬಹುದು. ಅಥವಾ ಹಚ್ಚಿದವರಲ್ಲಿ ಇವರ ಬಳಗವೂ ಇರಬಹುದು. ಇನ್ನೂ ಕೆಟ್ಟ ಯೋಚನೆಯೊಂದು ಬಂದಿತ್ತು. ಬೆಂಕಿಯೇ ಇಲ್ಲದಿದ್ದರೆ ಬೆಂಕಿ ಪಡೆಯೂ ಬೇಡ ಎಂದು ಹೊಸ ಸರ್ಕಾರ ಹೇಳಿಬಿಟ್ಟರೆ ಇವರ ಗತಿಯೇನು? ಹಾಗಾದರೆ... ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮುಂದಿನ ಸಲ ಕೊಟ್ಟಿಗೆಯ ಬೆಂಕಿಗಂಟೆ ಬಾರಿಸಿದಾಗ ನಾನೂ ಗಾಡಿ ಹತ್ತಿದೆ. ಮಟಮಟ ಮಧ್ಯಾಹ್ನ. ದೋರನಹಳ್ಳಿಯ ಆಚೆಗಿನ ಒಂದು ಸಣ್ಣ ಊರು, ಅದರ ಹೆಸರೂ ಬೇಡ. ರಾಶಿ ಮುಗಿದು ಒಟ್ಟಿದ ಜೋಳದ ಕಣಕಿಯ ದೊಡ್ಡ ಬಣವಿ ಹೊತ್ತಿತ್ತು. ಐವರೂ ಮಾತಿಲ್ಲದೆ ಕೆಲಸ ಮಾಡಿದರು. ಕಂಬಳಿ ಅದ್ದುವುದು, ಹೊದಿಸುವುದು, ಮತ್ತೆ ಅದ್ದುವುದು. ಅರ್ಧ ಬಣವಿ ಉಳಿಯಿತು. ಆರಿದ ಬೂದಿಯ ಅಂಚಿನಲ್ಲಿ ನಾನು ಒಂದು ಚಿಂದಿ ಕಂಡೆ. ಚಿಮಣಿ ಎಣ್ಣೆಯ ವಾಸನೆ ಬಾಗದೆಯೇ ಮೂಗಿಗೆ ಬಡಿಯಿತು. ನಾನು ಕಂಡದ್ದನ್ನು ಜಮಾದಾರರೂ ಕಂಡರು. ನೆಟ್ಟಗೆ ಬಂದು, ಚಪ್ಪಲಿಯ ಕಾಲಿನಿಂದ ಆ ಚಿಂದಿಯನ್ನು ಹಸಿ ಬೂದಿಯೊಳಗೆ ಒತ್ತಿ ಹೂತರು.

ಬಣವಿಯ ಯಜಮಾನ ಕೊಡಲಿ ಹಿಡಿದು ನಿಂತಿದ್ದ. ಜನ ಗುಂಪುಗೂಡಿತ್ತು. ಗುಂಪಿನ ಆಚೆ ತುದಿಯಲ್ಲಿ ಒಬ್ಬನಿದ್ದ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಇಡೀ ಊರು ಒಬ್ಬನನ್ನು ನೋಡದೇ ಇರಲು ಅಷ್ಟೊಂದು ಪ್ರಯತ್ನ ಪಡುವುದನ್ನು ನಾನು ಅದೇ ಮೊದಲು ಕಂಡದ್ದು.

ಜಮಾದಾರರು ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, "ಯಾರದ್ರೀ ಚಿಲುಮಿ?" ಎಂದರು.

ಆಮೇಲೆ ಗೋಡೆಗೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು ಎದ್ದಳು. ಊರಿಗೆಲ್ಲ ಆಯಿ. ಬಾಯಿ ತುಂಬ ಎಲೆ-ಅಡಿಕೆ. "ನಂದೋ ಯಪ್ಪಾ. ಸೇದಿ ಝಾಡಿಸಿದ್ನಿ, ಗಾಳಿ ಒಯ್ತು" ಎಂದಳು.

"ಆಯಿ, ನೀ ಯಾವಾಗಿಂದ ಸೇದಾಕ ಹತ್ತಿದಿ?" ಎಂದು ಹುಡುಗನೊಬ್ಬ ಕೇಳಿಯೇಬಿಟ್ಟ.

"ನಿಮ್ಮಪ್ಪ ಹುಟ್ಟೂಕಿಂತ ಮೊದಲಿಂದ. ಬಾಯಿ ಮುಚ್ಚಕೊಂಡು ನಿಂದರು!"

ಗುಂಪು ಗೊಳ್ಳೆಂದು ನಕ್ಕಿತು. ನಗು ಮುಗಿಯುವುದರಲ್ಲಿ ಯಜಮಾನನ ಕೊಡಲಿ ನೆಲದ ಮೇಲಿತ್ತು. ಜಮಾದಾರರು ಆಯಿಗೆ ಕೈಮುಗಿದು, "ಇನ್ನ ಮ್ಯಾಲ ಹುಷಾರಿಲೆ ಸೇದಬೇಕು ಯವ್ವಾ" ಎಂದು ಗಂಭೀರವಾಗಿ ಬುದ್ಧಿ ಹೇಳಿದರು. ಅವಳೂ ತಪ್ಪು ಮಾಡಿದವಳ ಹಾಗೆ ತಲೆ ಆಡಿಸಿದಳು.

ಇದು ಆ ಊರೊಂದರ ನಾಟಕವಾಗಿರಲಿಲ್ಲ. ಪಡೆ ಹೋಗುತ್ತಿದ್ದ ಊರೂರಲ್ಲೂ ಇಂಥವರು ಒಬ್ಬರಿದ್ದರು ಎಂದು ಆಮೇಲೆ ತಿಳಿಯಿತು. ಯಾರ ಜಗಳದಲ್ಲೂ ಇಲ್ಲದ ಮುದುಕರೋ ಮುದುಕಿಯೋ ಎದ್ದು ಕಿಡಿಯನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದರು. ಮುದುಕರ ಕೈತಪ್ಪಿಗೆ ಸೇಡು ತೀರಿಸುವವರಿಲ್ಲ. ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ವಾಪಸು ಬರುವಾಗ ಬಾವಿಯ ಹತ್ತಿರ ಗಾಡಿ ನಿಲ್ಲಿಸಿ ಕಂಬಳಿ ಹಿಂಡುತ್ತಿದ್ದರು. ನಾನು ವಾದಕ್ಕೆ ನಿಂತೆ. ನೀವು ಪುರಾವೆ ಹೂತಿರಿ. ಸುಳ್ಳು ಹೇಳಿಸಿದಿರಿ. ಸರ್ಕಾರದ ಪುಸ್ತಕದಲ್ಲಿ ಸುಳ್ಳು ಬರೆಯುತ್ತೀರಿ. ಹಚ್ಚಿದವನಿಗೆ ಶಿಕ್ಷೆಯಿಲ್ಲ ಎಂದಾದರೆ ನಾಳೆ ಇನ್ನೊಬ್ಬ ಹಚ್ಚುತ್ತಾನೆ. ಗುಲ್ಬರ್ಗದಲ್ಲಿ ಇಷ್ಟಕ್ಕೆ ಚಪ್ಪಾಳೆ ಬೀಳುತ್ತಿತ್ತು. ಅವರು ಕಂಬಳಿ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಕೊಡ್ಲಿ ನೋಡಿದ್ರೇನು ಮುನ್ಶಿಯವ್ರ?"

"ನೋಡಿದೆ."

"ಕೆಳಗ ಇಟ್ಟದ್ದು ನೋಡಿದ್ರೇನು?"

ಇನ್ನೊಂದು ಕಂಬಳಿ ಕೈಗೆತ್ತಿಕೊಂಡು ಅವರೇ ಮುಂದುವರಿಸಿದರು.

"ಯಾರು ಹಚ್ಯಾರಂತ ಆ ಊರಾಗ ಕೂಸಿಗೂ ಗೊತ್ತದ. ಗೊತ್ತಿಲ್ದಾಂವ ನಾ ಒಬ್ಬನ. ಅದಕ್ಕ ನನ್ನ ಕರೀತಾರ. ಗೊತ್ತ ಮಾಡಕೊಂಡ್ನಿ ಅಂದ್ರ ಕರಿಯೋದು ಬಿಡ್ತಾರ."

ಇದನ್ನು ನಾನು ಉತ್ತರವೆಂದು ಒಪ್ಪಲಿಲ್ಲ. ಜಾಣ ಜಾರುವಿಕೆ ಅಂದುಕೊಂಡೆ. ಆದರೂ ಒಂದು ಮಾತು ನಿಜ: ಕಂಬಳಿ ಹಿಂಡುವ ಆ ಕೈಗಳನ್ನು ನೋಡಿದ ಮೇಲೆ ಅವರಿಗೆ ಪಂಪು ಸಿಗಬೇಕು ಎಂದು ನನಗೂ ಅನಿಸಿತ್ತು. ಬಲಗೈಯ ಮೂರು ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

ಎರಡನೆಯ ಅರ್ಜಿಯನ್ನು ನಾನು ಪೂರ್ತಿ ವಕೀಲಿಕೆ ಹಾಕಿ ಬರೆದೆ. ಕಾರಣದ ಮನೆಗಳಲ್ಲಿ ಚಿಲುಮಿ ತೆಗೆದು, ಬೇಕೆಂದೇ ಹಚ್ಚಿದ್ದು, ಹಳೆಯ ದ್ವೇಷ, ಎಂದು ತುಂಬಿದೆ. ಕೆಲವು ನನಗೆ ಗೊತ್ತಿದ್ದವು, ಹೆಚ್ಚಿನವು ಊಹೆ. ಊರಿನ ಹೆಸರು, ಬಣವಿಯ ಯಜಮಾನರ ಹೆಸರು ಎಲ್ಲ ರೋಜನಾಮೆಯಲ್ಲೇ ಇದ್ದವು. ಕೊನೆಗೆ ಒಂದು ಪುಟದ ಟಿಪ್ಪಣಿ ಸೇರಿಸಿದೆ: ಈ ಭಾಗದಲ್ಲಿ ಬೆಂಕಿ ಹಚ್ಚಿದವರನ್ನು ಮರೆಮಾಡಲು ವೃದ್ಧರಿಂದ ಸುಳ್ಳು ಒಪ್ಪಿಗೆ ಹೇಳಿಸುವ ಪದ್ಧತಿಯಿದೆ, ಪರಿಸ್ಥಿತಿ ಅಷ್ಟು ಗಂಭೀರ. ಉದಾಹರಣೆಗೆ ಆಯಿಯ ಸಂಗತಿಯನ್ನೇ ಕೊಟ್ಟೆ. ನಾನು ಬರೆದ ಇಂಗ್ಲಿಷಿನಲ್ಲೇ ಅದು ಅತ್ಯುತ್ತಮವಾದದ್ದು.

ರುಜುವಿಗೆ ಕರೆದೆ. ಜಮಾದಾರರು ಕಾಗದವನ್ನು ಮುಖದ ಹತ್ತಿರ ತಂದು, ತಿರುವಿ, ಮತ್ತೆ ನನ್ನ ಕೈಗೆ ಕೊಟ್ಟರು.

"ಕಾರಣದ ಮನ್ಯಾಗ ಚಿಲುಮಿ ಅಂತಾನ ಬರ್ದೀರಿ, ಹೌದಿಲ್ಲೋ?"

ಕಿಟಕಿಯ ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದರು...

"ಹೌದು" ಎಂದೆ.

ಅವರು ಉರ್ದುವಿನಲ್ಲಿ ರುಜು ಮಾಡಿದರು.

ಈ ಸಲ ಮೇಲಿನವರು ತಡಮಾಡಲಿಲ್ಲ. ಪಂಪು ಯಾದಗಿರಿಯ ಗೂಡ್ಸ್ ಶೆಡ್ಡಿಗೆ ಬಂತು, ಕೆಂಪು ಬಣ್ಣದ್ದು, ಹಿತ್ತಾಳೆಯ ಮೂತಿ, ಎರಡು ಬದಿಗೆ ಉದ್ದನೆಯ ಹಿಡಿಕೆ. ಶಹಾಪುರಕ್ಕೆ ತಂದು ಬಾವಿಯ ಹತ್ತಿರ ಇಟ್ಟು ಒತ್ತಿದಾಗ ನೀರು ಬೇವಿನ ಮರದ ನೆತ್ತಿಗೆ ಹೋಗಿ ಬಿತ್ತು. ನೆರೆದ ಮಕ್ಕಳೆಲ್ಲ ತೊಯ್ದರು. ಜಮಾದಾರರು ಮೂತಿ ಹಿಡಿದು, ಮೇಲೆ ನೋಡುತ್ತ, ಬಾಯಿ ತೆರೆದು ನಗುತ್ತಿದ್ದರು. ಆ ನಗು ನನ್ನದು ಎಂದು ನಾನು ಒಳಗೊಳಗೇ ಹಿಗ್ಗಿದೆ. ವಾದ ಮಾಡಿ ಗೆದ್ದದ್ದು ಅದೊಂದು ಸಲ ಕಣ್ಣಿಗೆ ಕಾಣುವ ವಸ್ತುವಾಗಿ ನಿಂತಿತ್ತು.

ಅವರು ಇನ್ನೊಬ್ಬನನ್ನು ಕರೆದುಕೊಂಡು ಹೈದರಾಬಾದಿಗೆ ತರಬೇತಿಗೆ ಹೋದರು. ತಿಂಗಳ ಮೇಲೆ ಬಂದವರು ಖಾಕಿ ಅಂಗಿಯಲ್ಲಿದ್ದರು. ಏನು ಕಲಿಸಿದರು ಎಂದು ಕೇಳಿದೆ. "ನಳಿಗಿ ಸುತ್ತೋದು, ಏಣಿ ಹತ್ತೋದು. ಮತ್ತ ಬೆಂಕಿ ಆರಿದ ಮ್ಯಾಲ ಬೂದಿ ತುಳೀಬ್ಯಾಡ್ರಿ, ಕಾರಣ ಹುಡಕ್ರಿ ಅಂದ್ರು. ನಾ ಹೂಂ ಅಂದು ಬಂದೀನಿ" ಎಂದು ಕಣ್ಣು ಮಿಟುಕಿಸಿದರು. ನಾನು ನಗಲಿಲ್ಲ. ನಗಬೇಕಿತ್ತೇನೋ...

ಅವರು ಬಂದ ವಾರದಲ್ಲೇ ನಮ್ಮ ಸೀಮೆಯ ಊರುಗಳಿಗೆ ಅಮೀನರು ಕಾಲಿಟ್ಟರು. ಠಾಣೆಯ ಅಧಿಕಾರಿಗೆ ಆಗಿನ್ನೂ ಅಮೀನ ಎಂದೇ ಕರೆಯುತ್ತಿದ್ದರು. ಅವರ ಕೈಯಲ್ಲಿ ಟೈಪು ಮಾಡಿದ ಪಟ್ಟಿಯಿತ್ತು. ಪಂಪು ಮಂಜೂರು ಮಾಡಿದ ಕಚೇರಿ ನನ್ನ ಅರ್ಜಿಯ ಪ್ರತಿಯನ್ನು ಠಾಣೆಗೂ ಕಳಿಸಿತ್ತು. ಕಳಿಸದೆ ಏನು ಮಾಡುತ್ತದೆ? ಗಂಭೀರ ಎಂದು ಬರೆದವನು ನಾನೇ. ಪಟ್ಟಿಯಲ್ಲಿದ್ದ ಊರೂರಿಗೂ ಹೋಗಿ ಹಚ್ಚಿದವರು ಯಾರು ಎಂದು ಕೇಳಿದರು. ಕೆಲವರನ್ನು ಹಿಡಿದುಕೊಂಡು ಹೋದರು. ಹಿಡಿಸಿಕೊಟ್ಟವರು ಯಾರು ಎಂದು ಊರವರು ಒಬ್ಬರನ್ನೊಬ್ಬರು ನೋಡತೊಡಗಿದರು. ಆರಿಹೋಗಿದ್ದ ಜಗಳಗಳು ಒಂದೊಂದಾಗಿ ಎದ್ದು ಕುಳಿತವು. ಆಯಿಯನ್ನೂ ಠಾಣೆಗೆ ಕರೆಸಿದರು. ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ಕೂತು "ಚಿಲುಮಿ ನಂದರಿ" ಎಂಬ ಒಂದೇ ಮಾತು ಹೇಳಿದಳಂತೆ. ಅದು ಸುಳ್ಳೆಂದು ನಿಮ್ಮ ಜಮಾದಾರರೇ ರುಜು ಹಾಕಿ ಕೊಟ್ಟಿದ್ದಾರೆ ಎಂದು ಅಮೀನರು ಅವಳಿಗೆ ಕಾಗದ ತೋರಿಸಿದರಂತೆ.

ಮರುದಿನ ಜಮಾದಾರರು ನನ್ನ ಮೇಜಿನ ಮುಂದೆ ಬಂದು ನಿಂತರು.

"ಆ ಕಾಗದದ ನಕಲು ಇರಬೇಕಲ್ರಿ. ಓದ್ರಿ."

ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಬೇಕೆಂದೇ ಹಚ್ಚಿದ್ದು. ಬೇಕೆಂದೇ ಹಚ್ಚಿದ್ದು. ಆಯಿಯ ಪುಟವನ್ನೂ ಓದಿದೆ. ಅವರು ಕೂಡ್ರಲಿಲ್ಲ. ಮುಗಿದ ಮೇಲೆ ನಾನು ವಾದ ಆರಂಭಿಸಿದೆ. ನಿಜವನ್ನು ಬರೆದದ್ದರಿಂದಲೇ ಪಂಪು ಬಂತು, ಮೊದಲಿನ ಅರ್ಜಿ ಏನಾಯಿತು ನೆನಪಿಲ್ಲವೇ, ಹೀಗೆ. ಅವರು ಮಧ್ಯದಲ್ಲೇ ಕೈಯೆತ್ತಿದರು.

"ನೀವು ಹೌದು ಅಂದಿದ್ರಿ" ಎಂದರು. ಅಷ್ಟೇ. ಅದಕ್ಕೆ ಎದುರು ಪಕ್ಷ ಇರಲಿಲ್ಲ.

ಆ ಮೇಲೆ ಪಡೆಯನ್ನು ಯಾರೂ ಕರೆಯಲಿಲ್ಲ. ಬೇಸಿಗೆ ಏರಿತು, ಸುತ್ತ ಅಲ್ಲಲ್ಲಿ ಹೊಗೆ ಏಳುವುದು ಮಾಳಿಗೆಯ ಮೇಲಿನಿಂದ ಕಾಣುತ್ತಿತ್ತು, ಗಂಟೆ ಮಾತ್ರ ಬಾರಿಸುತ್ತಿರಲಿಲ್ಲ. ಜಮಾದಾರರು ಪಂಪಿನ ಹಿತ್ತಾಳೆಯ ಮೂತಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂಡುತ್ತಿದ್ದರು. ಒಂದು ದಿನ ಮುಂಜಾನೆ ಹತ್ತರ ಹೊತ್ತಿಗೆ ದೋರನಹಳ್ಳಿಯ ಕಡೆ ಎದ್ದ ಹೊಗೆ ಬಣವಿಯದಾಗಿರಲಿಲ್ಲ. ದಪ್ಪವಾಗಿ, ಅಗಲವಾಗಿ, ಓಣಿಯ ಹೊಗೆಯಾಗಿತ್ತು. ಕರೆಯದಿದ್ದರೂ ಹೊರಟರು. ನಾನೂ ಓಡಿ ಗಾಡಿ ಹತ್ತಿದೆ. ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಆಯಿಯ ಊರೇ. ಊರ ಅಗಸೆಯ ಬಾಗಿಲಿಗೆ ಅಡ್ಡವಾಗಿ ಎರಡು ಗಾಡಿ ನಿಲ್ಲಿಸಿದ್ದರು. ಗಾಡಿಯ ಹಿಂದೆ ಗಂಡಸರು. ಅವರ ನಡುವೆ, ಗಾಡಿಯ ನೊಗ ಹಿಡಿದುಕೊಂಡು, ಆಯಿ.

"ಆಯಿ, ದಾರಿ ಬಿಡಸ್ರಿ. ಪಂಪು ತಂದೀನಿ. ಮಾಳಿಗಿ ಮ್ಯಾಲೂ ನೀರು ಹೊಡೀತದ."

"ಹೊಳ್ಳಿ ಹೋಗ್ರಿ ಜಮಾದಾರ್ರ. ಇಲ್ಲೇನೂ ಹತ್ತಿಲ್ಲ."

ಅವಳ ಬೆನ್ನ ಹಿಂದೆ ಬೆಂಕಿ ಮಾಡಿನಿಂದ ಮಾಡಿಗೆ ದಾಟುತ್ತಿತ್ತು. ದನಗಳ ಕೂಗು ಕೇಳುತ್ತಿತ್ತು. ಹೆಂಗಸರು ಕೊಡ ಹೊತ್ತು ಓಡುತ್ತಿದ್ದರು.

"ನಾ ಏನೂ ಕೇಳೂದಿಲ್ಲ ಯವ್ವಾ. ಹಿಂದ ಎಂದರ ಕೇಳೀನೇನು?"

"ಕೇಳಿಲ್ಲ. ಬರ್ದು ಕೊಟ್ಟೀರಿ."

ಅವರು ನನ್ನ ಕಡೆ ತಿರುಗಬಹುದಿತ್ತು. ಬರೆದವನು ಇವನು, ಗಾಡಿಯ ಮೇಲೆ ಕೂತಿದ್ದಾನೆ, ಎಂದು ಬೆರಳು ತೋರಿಸಿದ್ದರೆ ಆ ಗಾಡಿಗಳು ಸರಿಯುತ್ತಿದ್ದವೋ ಏನೋ. ನನ್ನ ಗತಿ ಏನಾಗುತ್ತಿತ್ತು ಎನ್ನುವುದು ಬೇರೆ ಮಾತು. ಅವರು ತಿರುಗಲಿಲ್ಲ. ಖಾಕಿ ಅಂಗಿಯ ಮೇಲೆ ಹೊದ್ದಿದ್ದ ವಸ್ತ್ರ ತೆಗೆದು ಮುಂದೆ ಚಾಚಿದರು.

"ಕಣ್ಣು ಕಟ್ರಿ ನಂದು. ಕಣ್ಣು ಕಟ್ಟಿ ಒಳಗ ಒಯ್ಯಿರಿ, ನಳಿಗಿ ಕೈಯಾಗ ಕೊಡ್ರಿ. ಯಾವ ಕಡಿ ಹೊಡೀಬೇಕು ಅಂತ ನೀವ ಹೇಳ್ರಿ. ನಾ ಏನೂ ನೋಡೂದಿಲ್ಲ."

ಆಯಿ ಆ ವಸ್ತ್ರವನ್ನು ನೋಡಿದಳು. ಒಂದು ಗಳಿಗೆ ಅವಳು ಕೈ ಚಾಚುತ್ತಾಳೆ ಅನಿಸಿತ್ತು... ಹಿಂದಿನಿಂದ ಒಬ್ಬ, "ಸಾಕು ನಡೀರಿ!" ಎಂದು ಗದರಿದ. ಅವಳು ಮುಖ ತಿರುಗಿಸಿಕೊಂಡಳು.

ನಾನು ಆಗ ಕೆಳಗಿಳಿದು ಬರೆದವನು ನಾನು ಎನ್ನಬಹುದಿತ್ತು. ಎಷ್ಟೋ ವೇದಿಕೆಗಳ ಮೇಲೆ ಹೆದರದೆ ಮಾತಾಡಿದವನು. ಗಾಡಿಯ ಮೇಲೆ ಪೀಪಾಯಿಯ ಹಿಂದೆ ಕೂತೇ ಇದ್ದೆ.

ಓಣಿ ಪೂರ್ತಿ ಹೋಯಿತು. ಜನ ಉಳಿದರು, ಕಟ್ಟಿದ್ದ ದನ ಉಳಿಯಲಿಲ್ಲ. ಹೊಗೆ ಇಳಿಯುವವರೆಗೂ ಜಮಾದಾರರು ಅಗಸೆಯ ಹೊರಗೆ, ನೀರು ತುಂಬಿದ ಪಂಪಿನ ಪಕ್ಕ ನಿಂತಿದ್ದರು. ವಾಪಸು ಬಂದ ಮೇಲೆ ಕೈಕಾಲು ತೊಳೆದು, ರೋಜನಾಮೆ ತೆರೆದು, ತಾರೀಖು ಹಾಕಿ ಬರೆದರು. ನಾನು ಹಿಂದಿನಿಂದ ಇಣುಕಿ ಓದಿದೆ. ಅದೇ ಮುತ್ತಿನಂಥ ಉರ್ದು: ಇಂದು ಎಲ್ಲಿಯೂ ಬೆಂಕಿ ಇಲ್ಲ.

ಆ ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟರು. ಹೋಗುವಾಗ ಹೇ‌ಳಿ ಹೋಗಲಿಲ್ಲ. ಸುರಪುರದ ಕಡೆ ಹೋದರು ಎಂದು ಒಬ್ಬರು, ಹೈದರಾಬಾದಿಗೆ ಎಂದು ಇನ್ನೊಬ್ಬರು. ಪಂಪನ್ನು ಮರುವರ್ಷ ಬೇರೆ ಕಡೆ ಸಾಗಿಸಿದರು. ನಾನೂ ವರ್ಗವಾಗಿ ಯಾದಗಿರಿಗೆ ಬಂದೆ. ಅಲ್ಲೇ ಇದ್ದೇನೆ.

ಒಂದು ಸಂಶಯ ಇಷ್ಟು ವರ್ಷ ನನ್ನೊಳಗೆ ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಗಿರಣಿಯಲ್ಲಿ ಇಂಗ್ಲಿಷ್ ಸಾಹೇಬರ ಕೈಕೆಳಗೆ ವರ್ಷಗಟ್ಟಲೆ ಇದ್ದವರಿಗೆ ಅಷ್ಟೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವೇ? ಕಾಗದವನ್ನು ಮುಖದ ಹತ್ತಿರ ತಂದು ಅಷ್ಟು ಹೊತ್ತು ನೋಡಿದರಲ್ಲ. ಚಿಲುಮಿ ಎಂದೇ ಬರೆದಿದ್ದೀರಿ ಹೌದಿಲ್ಲೋ ಎಂದು ಯಾಕೆ ಕೇಳಿದರು? ಪಂಪಿನ ಆಸೆಗೆ, ತಿಳಿದೂ ತಿಳಿಯದಂತೆ, ನನ್ನ ಬಾಯಿಂದ ಒಂದು ಹೌದು ಬೇಕಿತ್ತೇ? ಎಷ್ಟೋ ಸಲ ಹೀಗೆ ವಾದಿಸಿಕೊಂಡಿದ್ದೇನೆ. ಹಾಗಿದ್ದರೆ ನನ್ನ ಪಾಲಿನ ತಪ್ಪು ಅರ್ಧವಾಗುತ್ತದೆ. ನನಗೆ ಅಷ್ಟು ಅನುಕೂಲವಾಗುವ ಸಂಶಯವಾದ್ದರಿಂದ ಅದನ್ನು ನಾನು ನಂಬುವುದಿಲ್ಲ.

ಸ್ಟೇಷನ್ನಿನ ಹೊರಗೆ ಚಹಾ ಬಿಟ್ಟು ಹೋದ ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ದೋರನಹಳ್ಳಿಯಲ್ಲಿ ಇಳಿದು ಆ ಊರಿಗೆ ನಡೆದೆ. ಓಣಿ ಮತ್ತೆ ಎದ್ದಿದೆ, ಹೆಚ್ಚಿನವು ಈಗ ಹಂಚಿನ ಮನೆ. ಆಯಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಒಬ್ಬರು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು, ಚಹಾ ತರಿಸಿದರು. ನನ್ನ ವಯಸ್ಸಿನವರೇ. ಮಳೆ, ಬೆಳೆ, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬದಲಾದ ಕಚೇರಿಗಳು, ಎಲ್ಲ ಮಾತಾಡಿದೆವು. ಆಮೇಲೆ ನಾನು ಕೇಳಿದೆ.

"ಇಲ್ಲಿಗೆ ಬೆಂಕಿ ಆರಸಾಕ ಒಬ್ಬ ಜಮಾದಾರ್ರು ಬರ್ತಿದ್ರು. ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲೋ, ಏನರ ಗೊತ್ತೇನ್ರಿ?"

ಅವರು ನನ್ನ ಜೇಬಿನ ಲೇಖನಿಯನ್ನು ನೋಡಿದರು. ಆಮೇಲೆ ಮುಖವನ್ನು.

"ಯಾವ ಜಮಾದಾರ್ರೀ?"

"ಕಂಬಳಿ ಹಾಕಿ ಬೆಂಕಿ ಆರಸ್ತಿದ್ರಲ್ಲ..."

"ಅಂಥವ್ರು ಯಾರೂ ಇದ್ದಿಲ್ರಿ ಇಲ್ಲಿ" ಎಂದರು. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು, ನಾನು ಕೇಳದಿದ್ದರೂ, "ನಾವಂತೂ ನೋಡಿಲ್ಲರೀಪ" ಎಂದು ದನಿಗೂಡಿಸಿದರು. ಒಳಗಿನಿಂದ ಇಣುಕಿದ ಹೆಂಗಸು ಸರಕ್ಕನೆ ಹಿಂದೆ ಸರಿದಳು.

ಇಡೀ ಕಟ್ಟೆ ಜಮಾದಾರರನ್ನು ನನ್ನಿಂದ ಕಾಯುತ್ತಿತ್ತು. ಅವರ ಮೇಲಿನ ಸಿಟ್ಟು ಎಂದು ಇಳಿಯಿತು, ಬರೆದವರು ಅವರಲ್ಲ ಎಂದು ಊರಿಗೆ ಯಾರು ಹೇಳಿದರು, ನನಗೆ ತಿಳಿಯದು. ಅವರು ಬದುಕಿದ್ದರೆ ಅಲ್ಲೇ ಎರಡು ಮನೆ ಆಚೆ ಇರಬಹುದು. ಸತ್ತಿದ್ದರೆ ಆ ಊರಿನವರೇ ಮಣ್ಣು ಹಾಕಿರಬಹುದು. ಅವರು ಇನ್ನಿಲ್ಲ ಎಂದು ದುಃಖಪಡುವುದಕ್ಕೂ ಮೊದಲು ಅವರು ಇಲ್ಲವೆಂಬುದು ಗೊತ್ತಿರಬೇಕಲ್ಲ.

"ಬಸ್ಸಿನ ಹೊತ್ತಾತು ನೋಡ್ರಿ" ಎಂದು ಚಹಾ ತರಿಸಿದವರು ಎದ್ದು ನಿಂತರು. ಅಗಸೆಯ ತನಕ ಬಂದು ಕಳಿಸಿದರು. ನಾನು ದಾರಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ, ನಾನು ಹೋದದ್ದು ಖಾತ್ರಿಯಾಗುವವರೆಗೆ ಅವರು ಅಲ್ಲೇ ನಿಂತಿದ್ದರು.